ಹಿನ್ನೀರ ದಂಡೆಯಲ್ಲಿ ಒಂದು ರಾತ್ರಿ

ಶಿವಮೊಗ್ಗ, ಭದ್ರಾವತಿಯ ಜನರಿಗೆ ನೀರು ದೂರದ್ದಲ್ಲ. ತುಂಗೆ ಒಂದು ಊರಿನ ಮಗ್ಗುಲಲ್ಲೇ ಹರಿಯುತ್ತಾಳೆ, ಭದ್ರೆ ಇನ್ನೊಂದರ ನಡುವೆ ಹಾದುಹೋಗುತ್ತಾಳೆ. ಕೂಡ್ಲಿಯಲ್ಲಿ ಇಬ್ಬರೂ ಒಂದಾಗುತ್ತಾರೆ. ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ಗಾಜನೂರು, ಗಂಟೆಯೊಳಗೆ ಭದ್ರಾ ಅಣೆಕಟ್ಟೆಯ ಬಿ.ಆರ್. ಪ್ರಾಜೆಕ್ಟ್, ಸಾಗರ ದಾಟಿದರೆ ಶರಾವತಿಯ ಹಿನ್ನೀರು. ರಜೆಯ ದಿನ ಈ ರಸ್ತೆಗಳು ತುಂಬಿ ಹೋಗುತ್ತವೆ. ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ, ಮಳೆಗಾಲವಾದರೆ ಮಂಡಗದ್ದೆಯಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿಗಳು, ಮಧ್ಯಾಹ್ನ ಡ್ಯಾಮಿನ ಮುಂದೆ ಒಂದು ಫೋಟೊ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಊಟ. ಸಂಜೆಯಾಗುತ್ತಿದ್ದಂತೆ ಎಲ್ಲರೂ ಗಡಿಬಿಡಿಯಿಂದ ಮನೆಯ ದಾರಿ ಹಿಡಿಯುತ್ತಾರೆ. ಕೊನೆಯ ಬಸ್ಸು ತಪ್ಪಬಾರದು, ಮಕ್ಕಳೊಂದಿಗೆ ಕತ್ತಲಲ್ಲಿ ಕಾಡುದಾರಿ ಹಿಡಿಯಬಾರದು ಎಂಬ ಚಿಂತೆ.

ಆದರೆ ನೀರಿನ ಒಳ್ಳೆಯ ಹೊತ್ತು ಶುರುವಾಗುವುದೇ ಆಮೇಲೆ. ಬಿಸಿಲು ಇಳಿದ ಮೇಲೆ ಗಾಳಿ ದಿಕ್ಕು ಬದಲಿಸುತ್ತದೆ. ಹಗಲಿಡೀ ಕಣ್ಣು ಕುಕ್ಕುತ್ತಿದ್ದ ಹಿನ್ನೀರಿಗೆ ಬಣ್ಣ ಬರುತ್ತದೆ. ಪೇಟೆಯ ದೀಪಗಳಿಲ್ಲದ ಆಕಾಶದಲ್ಲಿ ಎಷ್ಟು ನಕ್ಷತ್ರಗಳಿವೆ ಎಂಬುದು ನಮ್ಮ ಊರಿನ ಅನೇಕ ಮಕ್ಕಳಿಗೆ ಗೊತ್ತೇ ಇಲ್ಲ. ನಸುಕಿನಲ್ಲಿ ನೀರುನಾಯಿಗಳು ದಡಕ್ಕೆ ಬರುವುದು, ಮಂಜು ಹರಿದಂತೆ ಎದುರಿನ ಗುಡ್ಡಗಳು ಒಂದೊಂದಾಗಿ ಕಾಣಿಸಿಕೊಳ್ಳುವುದು, ಇವೆಲ್ಲ ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರಿನೊಳಗೆ ದಿನವೂ ನಡೆಯುತ್ತವೆ. ನೋಡುವ ಭಾಗ್ಯ ಮಾತ್ರ ಅಲ್ಲಿ ರಾತ್ರಿ ಉಳಿಯಬಲ್ಲವರಿಗೆ.

ಹಾಗೆ ಉಳಿಯಬಲ್ಲವರು ಯಾರು? ಬ್ರಿಟಿಷರ ಮತ್ತು ಮೈಸೂರು ಅರಸರ ಕಾಲದಿಂದಲೂ ಕಾಡಿನ ಅಂಚಿನಲ್ಲಿ, ಹೊಳೆಯ ದಂಡೆಯಲ್ಲಿ ಒಳ್ಳೊಳ್ಳೆಯ ಜಾಗಗಳಲ್ಲಿ ಐ.ಬಿ.ಗಳು, ಅರಣ್ಯ ಇಲಾಖೆಯ ಬಂಗಲೆಗಳು ಇವೆ. ಅವು ಮೊದಲಿಂದಲೂ ಸಾಹೇಬರಿಗಾಗಿ ಕಟ್ಟಿದವು. ಜನಸಾಮಾನ್ಯರಿಗೆ ಅಲ್ಲಿ ಕೋಣೆ ಕೇಳುವ ಧೈರ್ಯ ಬಂದದ್ದು ಕಡಿಮೆ. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿದ ಮೇಲೆ ಸರ್ಕಾರವೇ ಕಾಡಿನ ವಾಸ್ತವ್ಯವನ್ನು ಅಚ್ಚುಕಟ್ಟಾಗಿ ನಡೆಸಬಹುದೆಂದು ತೋರಿಸಿತು. ಲಕ್ಕವಳ್ಳಿಯ ರಿವರ್ ಟರ್ನ್ ಲಾಡ್ಜ್‌ನ ಕುಟೀರಗಳು ಭದ್ರಾ ಹಿನ್ನೀರಿಗೆ ಮುಖ ಮಾಡಿ ನಿಂತಿವೆ. ಕಾಡನ್ನು ಬಲ್ಲವರು ಜೊತೆಗಿದ್ದು ವಿವರಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಊಟ, ಸಫಾರಿ, ದೋಣಿ ಎಲ್ಲ ಸೇರಿಸಿ ತಲೆಗಿಷ್ಟು ಎಂದು ಲೆಕ್ಕ ಹಾಕುವ ಇಂಥ ವ್ಯವಸ್ಥೆ ಭದ್ರಾವತಿಯ ಕಾಗದನಗರದ ಗುತ್ತಿಗೆ ಕೂಲಿಯವರ ಮನೆಗಾಗಲಿ, ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಲೆಕ್ಕ ಬರೆಯುವವರ ಮನೆಗಾಗಲಿ ಎಟುಕುವಂಥದ್ದಲ್ಲ. ಖಾಸಗಿ ರೆಸಾರ್ಟ್‌ಗಳ ಮಾತು ಹೇಳುವುದೇ ಬೇಡ. ಶರಾವತಿ ಹಿನ್ನೀರಿನ ಹೊನ್ನೇಮರಡುವಿನಲ್ಲಿ ಟೆಂಟ್, ತೆಪ್ಪ, ದ್ವೀಪದ ವಾಸ್ತವ್ಯವನ್ನು ಶಿಸ್ತಿನಿಂದ ಕಲಿಸುವ ಸಾಹಸ ಕೇಂದ್ರ ಬೆಳೆದಿದೆ. ಅದು ಹೆಚ್ಚಾಗಿ ಯುವಕರ, ತಂಡಗಳ ಲೋಕ. ಅಜ್ಜಿ, ಮೊಮ್ಮಗು, ಅಪ್ಪ, ಅಮ್ಮ ಎಂಬ ಸಾಧಾರಣ ಕುಟುಂಬಕ್ಕೆ ನೀರಿನ ದಂಡೆಯಲ್ಲಿ ಒಂದು ರಾತ್ರಿ ಕಳೆಯಲು ನಮ್ಮ ಜಿಲ್ಲೆಯಲ್ಲಿ ಸರಳವಾದ, ಅಗ್ಗವಾದ, ಸುರಕ್ಷಿತವಾದ ಜಾಗ ಸಿಗುವುದು ಕಷ್ಟ.

ಅಮೆರಿಕದ ಮಧ್ಯಪಶ್ಚಿಮದ ರಾಜ್ಯಗಳಾದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್, ಇಲಿನಾಯ್‌ಗಳಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡಿದ್ದಾರೆ. ಷಿಕಾಗೊ, ಡೆಟ್ರಾಯ್ಟ್‌ಗಳಲ್ಲಿ ನೆಲೆಸಿದ ನಮ್ಮವರ ಮನೆಗೆ ಬೇಸಿಗೆಯಲ್ಲಿ ಹೋಗಿ ಬಂದ ತಂದೆತಾಯಂದಿರು ಆಕಾಶ ಮುಟ್ಟುವ ಕಟ್ಟಡಗಳನ್ನು ನೆನೆದಷ್ಟೇ ಅಕ್ಕರೆಯಿಂದ ಅಲ್ಲಿನ ಸರೋವರದ ದಂಡೆಯ ಕ್ಯಾಬಿನ್‌ಗಳನ್ನೂ ನೆನೆಯುತ್ತಾರೆ. ರಾಜ್ಯ ಸರ್ಕಾರದ ಉದ್ಯಾನವನದೊಳಗೆ, ಮರಗಳ ನಡುವೆ ಒಂದೊಂದೇ ಕೋಣೆಯ ಮರದ ಮನೆಗಳು. ಒಳಗೆ ರೈಲಿನ ಬರ್ತಿನಂತೆ ಒಂದರ ಮೇಲೊಂದು ಮಲಗುವ ಹಲಗೆ, ಒಂದು ಮೇಜು, ಬೆಂಚು. ಹೊರಗೆ ಪುಟ್ಟ ಜಗುಲಿ, ಅಂಗಳದಲ್ಲಿ ಬೆಂಕಿ ಹಾಕಲು ಕಬ್ಬಿಣದ ಬಳೆ. ಇಂಥ ಬಹಳಷ್ಟು ಕ್ಯಾಬಿನ್‌ಗಳಲ್ಲಿ ಬಚ್ಚಲು, ಪಾಯಿಖಾನೆ ಇರುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಎಲ್ಲರಿಗೂ ಸೇರಿ ಒಂದು ಕಟ್ಟಡ. ಹಾಸಿಗೆ, ಹೊದಿಕೆ, ಪಾತ್ರೆ ನೀವೇ ತರಬೇಕು. ಹೊರಡುವ ಮೊದಲು ಕಸ ಗುಡಿಸಿ ಹೋಗಬೇಕು. ಕರೆದರೆ ಬರುವ ಆಳಿಲ್ಲ, ಹೋಟೆಲಿಲ್ಲ. ಇಷ್ಟು ಕಡಿಮೆ ಕೊಡುವುದರಿಂದಲೇ ಬಾಡಿಗೆ ಕಡಿಮೆ. ಡ್ರೈವರು, ನರ್ಸು, ಮೇಷ್ಟ್ರು ಎಲ್ಲರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬೇಸಿಗೆಯ ವಾರಾಂತ್ಯಕ್ಕೆ ಕೋಣೆ ಬೇಕಿದ್ದರೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕಾಗುವಷ್ಟು ಬೇಡಿಕೆ.

ಈ ವ್ಯವಸ್ಥೆ ತಾನಾಗಿ ಬೆಳೆದದ್ದಲ್ಲ. ಮಿನ್ನೆಸೋಟದಲ್ಲಿ ಮಿಸಿಸಿಪ್ಪಿ ನದಿ ಹುಟ್ಟುವ ಇಟಾಸ್ಕಾ ಸರೋವರದ ಸುತ್ತಲಿನ ಕಾಡನ್ನು ಮರದ ವ್ಯಾಪಾರಿಗಳು ಬೋಳಿಸುತ್ತಿದ್ದಾಗ, ಉಳಿದದ್ದನ್ನಾದರೂ ಕಾಪಾಡಬೇಕೆಂದು 1891ರಲ್ಲಿ ಅದನ್ನು ರಾಜ್ಯದ ಉದ್ಯಾನವನ ಎಂದು ಸಾರಿದರು. ನಾಲ್ಕು ದಶಕ ಕಳೆದ ಮೇಲೆ ಮಹಾ ಆರ್ಥಿಕ ಕುಸಿತ ಬಂತು. ಕಾರ್ಖಾನೆಗಳು ಮುಚ್ಚಿದವು, ಲಕ್ಷಾಂತರ ಯುವಕರು ಬೀದಿಗೆ ಬಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ನಾಗರಿಕ ಸಂರಕ್ಷಣಾ ದಳವನ್ನು ಕಟ್ಟಿದರು. 1942ರವರೆಗೆ ನಡೆದ ಆ ದಳದಲ್ಲಿ ಸುಮಾರು 30 ಲಕ್ಷ ಯುವಕರು ದುಡಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಬಹುಪಾಲು ನೇರ ಮನೆಗೆ ಹೋಗುತ್ತಿತ್ತು. ಅವರು ಗಿಡ ನೆಟ್ಟರು, ಕಾಲುದಾರಿ ಮಾಡಿದರು, ಕಲ್ಲು ಹೊತ್ತು ಸೇತುವೆ ಕಟ್ಟಿದರು, ಮರದ ದಿಮ್ಮಿಗಳನ್ನು ಜೋಡಿಸಿ ಕ್ಯಾಬಿನ್ ಎಬ್ಬಿಸಿದರು. ಇಲಿನಾಯ್‌ನ ಸ್ಟಾರ್ವ್ಡ್ ರಾಕ್ ಉದ್ಯಾನವನದಲ್ಲಿ ಅವರು ಕಟ್ಟಿದ ವಸತಿಗೃಹದಲ್ಲಿ ಇಂದಿಗೂ ಜನ ಉಳಿಯುತ್ತಾರೆ. ಕೆಲಸ ಕಳೆದುಕೊಂಡವರ ಕೈಯಿಂದ ಕಟ್ಟಿಸಿದ ಮನೆಗಳು ಅವರ ಮರಿಮಕ್ಕಳಿಗೆ ರಜೆಯ ಮನೆಗಳಾದವು.

ಈ ಮಾತು ಭದ್ರಾವತಿಯವರ ಎದೆಗೆ ತಟ್ಟಬೇಕು. ಬೆಂಕಿಪುರವಾಗಿದ್ದ ಊರು 1923ರಲ್ಲಿ ಕಬ್ಬಿಣ ಕಾರ್ಖಾನೆ ಶುರುವಾದ ಮೇಲೆ ಉಕ್ಕಿನ ನಗರಿಯಾಯಿತು. ಮೊದಲ ದಿನಗಳಲ್ಲಿ ಆ ಕುಲುಮೆ ಉರಿದದ್ದು ಇದೇ ಮಲೆನಾಡಿನ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲಿನಿಂದ; ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗೆ ಬಿದಿರೂ ಇದೇ ಕಾಡುಗಳಿಂದಲೇ ಬಂತು. 2015ರ ಹೊತ್ತಿಗೆ ಕಾಗದದ ಯಂತ್ರಗಳು ನಿಂತವು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ಕಾಡು ಈ ಊರನ್ನು ಸಾಕಿತು. ಈಗ ಊರಿನಲ್ಲಿ ಕೆಲಸ ಬಲ್ಲ ಕೈಗಳಿವೆ, ಕೆಲಸ ಸಾಲದು. ವೆಲ್ಡರುಗಳು, ಫಿಟ್ಟರುಗಳು, ಬಡಗಿಗಳು, ಗಾರೆಯವರು ಭದ್ರಾವತಿಯಲ್ಲಿ ಇರುವಷ್ಟು ಸುತ್ತಲಿನ ಬೇರೆ ಊರುಗಳಲ್ಲಿ ಸಿಗಲಾರರು. ಕಾಗದಕ್ಕೆಂದು ಬೆಳೆಸಿದ ಅಕೇಶಿಯಾ ನೆಡುತೋಪುಗಳು ಜಿಲ್ಲೆಯ ಗುಡ್ಡಗಳ ಮೇಲೆ ನಿಂತಿವೆ. ಮಲೆನಾಡಿನ ಬಡಗಿಗಳು ಆ ಮರದಿಂದ ಮಂಚ, ಮೇಜು ಮಾಡುತ್ತಲೇ ಇದ್ದಾರೆ. ಸಾಧಾರಣ ಕೋಣೆಗಳಿಗೆ ಬೇಕಾದ ಮರವೂ ಮನುಷ್ಯರೂ ಇಲ್ಲೇ ಇದ್ದಾರೆ ಎಂದಾಯಿತು.

ಮಧ್ಯಪಶ್ಚಿಮದ ಸರೋವರಗಳಿಗೂ ನಮ್ಮ ಹಿನ್ನೀರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಸಾವಿರಾರು ವರ್ಷಗಳ ಹಿಂದೆ ಹಿಮನದಿಗಳು ನೆಲವನ್ನು ಕೊರೆದು ಹಿಂದೆ ಸರಿದಾಗ ಉಳಿದ ಗುಂಡಿಗಳಲ್ಲಿ ನೀರು ತುಂಬಿ ಸರೋವರಗಳಾದವು. ನಮ್ಮಲ್ಲಿ ನೀರನ್ನು ನಿಲ್ಲಿಸಿದ್ದು ಜನರ ಬೆವರು, ಜನರ ಹಣ, ಜನರ ನೆಲ. ಭದ್ರಾ ಅಣೆಕಟ್ಟೆಯ ಕೆಲಸ 1947ರ ಹೊತ್ತಿಗೆ ಶುರುವಾಗಿ ಮುಗಿದದ್ದು 1965ರಲ್ಲಿ. 71.5 ಟಿಎಂಸಿ ನೀರು ನಿಲ್ಲುವ ಆ ಜಾಗದಲ್ಲಿ ಮೊದಲು ಗದ್ದೆ, ತೋಟ, ದೇವರ ಬನಗಳಿದ್ದವು. ಶರಾವತಿಯ ಕಥೆ ಇನ್ನೂ ಕಠಿಣ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ, ಅದನ್ನೇ ಮುಳುಗಿಸಿಕೊಂಡು 1964ರಲ್ಲಿ ಲಿಂಗನಮಕ್ಕಿ. ನಾಡಿಗೆ ಬೆಳಕು ಕೊಡಲು ಮನೆ, ಮಠ, ಅಡಿಕೆ ತೋಟ ಬಿಟ್ಟು ಲಾರಿ ಹತ್ತಿದ ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ಉದ್ದಗಲಕ್ಕೂ ಹರಡಿಕೊಂಡವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಇತ್ಯರ್ಥವಾಗಿಲ್ಲ. ಅವರ ಮೊಮ್ಮಕ್ಕಳು ಅಜ್ಜನ ಊರು ಮುಳುಗಿದ ನೀರನ್ನು ನೋಡಬೇಕಾದರೆ ದಡದಲ್ಲಿ ಯಾರದ್ದೋ ಗೇಟಿನ ಮುಂದೆ ನಿಂತು ಟಿಕೆಟ್ ಬೆಲೆ ಕೇಳುವಂತಾಗಬಾರದು.

ಮಳೆಗಾಲ ಶುರುವಾದರೆ ನಾವು ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಜಲಾಶಯಗಳ ಮಟ್ಟವನ್ನು. ಭದ್ರಾ 186 ಅಡಿ ಮುಟ್ಟಿತೇ, ಲಿಂಗನಮಕ್ಕಿ 1819 ಅಡಿಗೆ ಎಷ್ಟು ಬಾಕಿ ಎಂದು ಬಾಯಿಪಾಠದಂತೆ ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ನೀರಿನ ಏರಿಳಿತದ ಜೊತೆ ಇಷ್ಟು ಹತ್ತಿರದ ಸಂಬಂಧ ಇರುವ ಜನರಿಗೆ ಆ ನೀರಿನ ಪಕ್ಕದಲ್ಲಿ ಒಂದು ರಾತ್ರಿ ಮಲಗಿ ಏಳುವ ಅವಕಾಶ ಇರಬೇಕು. ಇದು ಐಷಾರಾಮದ ಬೇಡಿಕೆಯಲ್ಲ. ಗ್ರಂಥಾಲಯ, ಆಟದ ಮೈದಾನ, ಸರ್ಕಾರಿ ಬಸ್ಸು ಹೇಗೆ ಎಲ್ಲರಿಗೂ ಬೇಕೋ ಹಾಗೆಯೇ ಇದೂ ಬೇಕು.

ಹಾಗೆಂದು ಹಿನ್ನೀರಿನ ಸುತ್ತ ಎಲ್ಲೆಂದರಲ್ಲಿ ಮನೆ ಎಬ್ಬಿಸಿ ಎಂದರೆ ಅದು ದ್ರೋಹ. ಭದ್ರಾ ಜಲಾಶಯದ ಒಂದು ಮಗ್ಗುಲು ಸುಮಾರು 492 ಚದರ ಕಿಲೋಮೀಟರಿನ ಅಭಯಾರಣ್ಯ. 1998ರಿಂದ ಹುಲಿ ಮೀಸಲು ಪ್ರದೇಶ. ಆ ಕಾಡಿನೊಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಊರು ಬಿಟ್ಟು ತರೀಕೆರೆಯ ಎಂ.ಸಿ. ಹಳ್ಳಿ ಮತ್ತು ಚಿಕ್ಕಮಗಳೂರಿನ ಕೆಳಗೂರಿಗೆ ಬಂದು ನೆಲೆಸಿದವು. ಅವರು ತೆರವು ಮಾಡಿಕೊಟ್ಟ ಜಾಗದಲ್ಲಿ ಹುಲ್ಲು ಬೆಳೆಯಿತು, ಜಿಂಕೆ ಬಂದವು, ಅವುಗಳ ಹಿಂದೆ ಹುಲಿಯೂ ಬಂತು. ಬಡ ರೈತರು ಕಾಡಿಗೆ ಬಿಟ್ಟುಕೊಟ್ಟದ್ದನ್ನು ನಾವು ವಾರಾಂತ್ಯದ ಮೋಜಿಗೆಂದು ಮತ್ತೆ ಕಿತ್ತುಕೊಳ್ಳಲಾಗದು. ಆದ್ದರಿಂದ ಕೋಣೆಗಳು ಬರಬೇಕಾದ್ದು ಕಾಡಿನಲ್ಲಿ ಅಲ್ಲ, ಈಗಾಗಲೇ ಮನುಷ್ಯ ಕಟ್ಟಿಕೊಂಡಿರುವ ಜಾಗದಲ್ಲಿ. ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಅಣೆಕಟ್ಟೆ ಕಟ್ಟುವ ಕಾಲದ ಕಾಲೊನಿ ಇದೆ. ರಸ್ತೆ, ನೀರು, ಕರೆಂಟು, ಬಸ್ಸು ಎಲ್ಲ ಆಗಲೇ ಉಂಟು. ಪಕ್ಕದಲ್ಲೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. ಕಾಲೊನಿಯ ಹಳೆಯ ವಸತಿಗೃಹಗಳಲ್ಲಿ ದುರಸ್ತಿಗೆ ಯೋಗ್ಯವಾದವನ್ನು ಆರಿಸಿ, ಹೆಂಚು ಬದಲಿಸಿ, ಗೋಡೆಗೆ ಸುಣ್ಣ ಹೊಡೆದು, ಮಲಗುವ ಹಲಗೆ ಹಾಕಿದರೆ ಹೊಸದಾಗಿ ಒಂದು ಮರ ಕಡಿಯದೆ, ಒಂದು ಅಡಿ ಕಾಡು ಕಬಳಿಸದೆ ಕೆಲಸ ಆದೀತು. ಗಾಜನೂರಿನಲ್ಲೂ ನೀರಾವರಿ ಇಲಾಖೆಯ ಜಾಗದಲ್ಲಿ ಇಂಥದ್ದನ್ನೇ ಯೋಚಿಸಬಹುದು.

ಟೆಂಟ್ ಸಾಲದೇ, ಕೋಣೆಯೇ ಏಕೆ ಎಂದು ಯಾರಾದರೂ ಕೇಳಬಹುದು. ಭದ್ರೆಯ ಕಾಡಿನಲ್ಲಿ ಆನೆಗಳಿವೆ. ಹಲಸು ಹಣ್ಣಾಗುವ ಕಾಲಕ್ಕೆ, ಭತ್ತ ಹಾಲುಗಟ್ಟುವ ಕಾಲಕ್ಕೆ ಅವು ಕಾಡಿನಂಚಿಗೆ ಬರುತ್ತವೆ. ಗೋಡೆ, ಬಾಗಿಲು, ಸುತ್ತ ಗಟ್ಟಿ ಬೇಲಿ ಇದ್ದರೆ ಕುಟುಂಬವೂ ನಿಶ್ಚಿಂತೆ, ಆನೆಯೂ ನಿಶ್ಚಿಂತೆ. ಅಮೆರಿಕದ ಮಧ್ಯಪಶ್ಚಿಮದಲ್ಲಿ ಕರಡಿಗಳಿರುವ ಉತ್ತರದ ಉದ್ಯಾನವನಗಳಲ್ಲಿ ಕ್ಯಾಂಪಿಗೆ ಬಂದವರು ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಹೊರಗೆ ಬಿಡುವಂತಿಲ್ಲ. ತಿನಿಸಿನ ರುಚಿ ಹತ್ತಿದ ಕರಡಿ ಮನುಷ್ಯನ ಹತ್ತಿರ ಬರುತ್ತದೆ, ಕೊನೆಗೆ ಸಾಯುವುದು ಕರಡಿಯೇ. ನಮ್ಮಲ್ಲೂ ಮಂಗಕ್ಕೆ ಚಿಪ್ಸ್ ಎಸೆಯುವುದು, ಉಳಿದ ಅನ್ನ ದಡದಲ್ಲಿ ಸುರಿಯುವುದು ಕರುಣೆಯ ಕೆಲಸವಲ್ಲ ಎಂಬ ತಿಳಿವಳಿಕೆ ಇಂಥ ಒಂದು ರಾತ್ರಿಯಲ್ಲಿ ಮಕ್ಕಳಿಗೆ ಬಂದರೆ ಸಾಕು.

ಭದ್ರಾ ಹಿನ್ನೀರಿನ ದೊಡ್ಡ ಅತಿಥಿಗಳು ರಿವರ್ ಟರ್ನ್ ಹಕ್ಕಿಗಳು. ಹಳದಿ ಕೊಕ್ಕು, ಕಪ್ಪು ಟೊಪ್ಪಿಗೆ, ಕವಲೊಡೆದ ಬಾಲ. ಬೇಸಿಗೆಯಲ್ಲಿ ನೀರು ಇಳಿದು ನಡುವೆ ಬೋಳು ದಿಬ್ಬಗಳು ಎದ್ದಾಗ ಅವು ಸಾವಿರಾರು ಸಂಖ್ಯೆಯಲ್ಲಿ ಬಂದು ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಎನ್ನುವಂಥದ್ದೇನೂ ಇಲ್ಲ. ಕಲ್ಲಿನ ಬಣ್ಣದ ಮೊಟ್ಟೆ ಕಲ್ಲುಗಳ ನಡುವೆ ಕಾಣಿಸುವುದೂ ಇಲ್ಲ. ಹತ್ತಿರ ದೋಣಿ ಬಂದರೆ ತಾಯಿ ತಂದೆ ಹಾರಿ ಕಿರುಚುತ್ತವೆ. ಅಷ್ಟು ಹೊತ್ತಿನಲ್ಲಿ ಬಿಸಿಲಿಗೆ ಮೊಟ್ಟೆ ಕಾಯುತ್ತದೆ, ಮರಿ ಬಾಡುತ್ತದೆ. ಅವು ಮರಿ ಮಾಡುವ ಕಾಲವೂ ನಮ್ಮ ಮಕ್ಕಳ ಬೇಸಿಗೆ ರಜೆಯೂ ಒಂದೇ. ಅದಕ್ಕೇ ಕೋಣೆಯ ಜೊತೆಗೆ ಕಟ್ಟುಪಾಡೂ ಬರಬೇಕು. ದ್ವೀಪಗಳ ಹತ್ತಿರ ದೋಣಿ ಹೋಗಬಾರದು, ಡ್ರೋನ್ ಹಾರಿಸಬಾರದು. ದಡದಲ್ಲಿ ನಿಂತು ದುರ್ಬೀನಿನಲ್ಲಿ ನೋಡಬೇಕು. ಕೋಣೆಗೊಂದು ದುರ್ಬೀನು, ಕನ್ನಡದಲ್ಲಿ ಹಕ್ಕಿಗಳ ಹೆಸರಿರುವ ಒಂದು ಪಟ ಇಟ್ಟರೆ ಅದಕ್ಕಿಂತ ದೊಡ್ಡ ಅಲಂಕಾರ ಬೇಡ.

ಶಬ್ದದ ವಿಷಯದಲ್ಲಿ ಅಮೆರಿಕದ ಆ ಉದ್ಯಾನವನಗಳ ನಿಯಮ ಕಟ್ಟುನಿಟ್ಟು. ರಾತ್ರಿ ಹತ್ತಾದರೆ ಕ್ಯಾಂಪಿನಲ್ಲಿ ಹಾಡು, ಕೂಗಾಟ ಎಲ್ಲ ನಿಲ್ಲಬೇಕು. ಕೇಳದವರನ್ನು ಹೊರಗೆ ಕಳಿಸುತ್ತಾರೆ. ನಮ್ಮ ಹಿನ್ನೀರುಗಳ ದಡದಲ್ಲಿ ಒಡೆದ ಬಾಟಲಿ ತುಳಿದು ಕಾಲು ಸೀಳಿಕೊಂಡ ದನಗಾಹಿಗಳನ್ನು ಕೇಳಿದರೆ ಇಂಥ ನಿಯಮದ ಬೆಲೆ ತಿಳಿಯುತ್ತದೆ. ಮದ್ಯವಿಲ್ಲ, ಸ್ಪೀಕರಿಲ್ಲ, ಪ್ಲಾಸ್ಟಿಕ್ ತಂದವರೇ ವಾಪಸು ಒಯ್ಯಬೇಕು ಎಂಬ ಮೂರು ಮಾತು ಗೇಟಿನಲ್ಲಿ ಬರೆದು, ತಪ್ಪದೆ ಜಾರಿ ಮಾಡಿದರೆ ಹೆಣ್ಣುಮಕ್ಕಳು ತಾವೇ ಗುಂಪು ಕಟ್ಟಿಕೊಂಡು ಬಂದು ಧೈರ್ಯವಾಗಿ ಉಳಿಯುವ ಜಾಗ ಅದಾಗುತ್ತದೆ. ನೀರಿಗಿಳಿಯುವುದರಲ್ಲೂ ಹಾಗೆ. ಅಮೆರಿಕದ ಆ ಸರೋವರಗಳಲ್ಲಿ ಈಜುವ ಜಾಗಕ್ಕೆ ಹಗ್ಗ, ತೇಲುಗುಂಡು ಕಟ್ಟಿ ಗಡಿ ತೋರಿಸುತ್ತಾರೆ. ನಮ್ಮ ಜಲಾಶಯಗಳ ತಳ ಸಮತಟ್ಟಲ್ಲ. ಮುಳುಗಿದ ಮರದ ಬೊಡ್ಡೆ, ಹಠಾತ್ತನೆ ಜಾರುವ ದಿಬ್ಬ, ಮೊಣಕಾಲು ಹುಗಿಯುವ ಕೆಸರು ಇದೆ. ಪ್ರತಿ ಬೇಸಿಗೆ ಯಾರದ್ದೋ ಮನೆಯ ಮಗ ನೀರುಪಾಲಾದ ಸುದ್ದಿ ಓದುತ್ತೇವೆ. ಗಡಿ ಹಾಕಿದ, ಕಾವಲಿರುವ ಒಂದು ಸಣ್ಣ ಜಾಗ ಎಷ್ಟೋ ಜೀವ ಉಳಿಸುತ್ತದೆ.

ಇನ್ನೊಂದು ಪಾಠ ಸೌದೆಯದ್ದು. 2002ರಲ್ಲಿ ಡೆಟ್ರಾಯ್ಟ್ ಹತ್ತಿರ ಏಷ್ಯಾದಿಂದ ಬಂದ ಹಸಿರು ಬಣ್ಣದ ಪುಟ್ಟ ಜೀರುಂಡೆಯೊಂದು ಪತ್ತೆಯಾಯಿತು. ಆಶ್ ಮರದ ತೊಗಟೆಯೊಳಗೆ ಹುಳುವಾಗಿ ಕೊರೆದು ಇಡೀ ಮರವನ್ನು ಒಣಗಿಸುವ ಅದು ತಾನಾಗಿ ಹೆಚ್ಚು ದೂರ ಹಾರಲಾರದು. ಅದನ್ನು ಊರಿಂದೂರಿಗೆ ಒಯ್ದವರಲ್ಲಿ ಕಾರಿನಲ್ಲಿ ಸೌದೆ ತುಂಬಿಕೊಂಡು ಕ್ಯಾಂಪಿಗೆ ಹೊರಟವರೂ ಇದ್ದರು. ಕೋಟ್ಯಂತರ ಮರಗಳು ಸತ್ತ ಮೇಲೆ, ಸೌದೆಯನ್ನು ಉರಿಸುವ ಊರಿನಲ್ಲೇ ಕೊಳ್ಳಿ ಎಂಬುದು ಅಲ್ಲಿ ಮನೆಮಾತಾಯಿತು. ಕಾಡಿಗೆ ಹೋಗುವವರು ಒಳ್ಳೆಯ ಮನಸ್ಸಿನಿಂದ ಹೋದರೆ ಸಾಲದು, ತಿಳಿದು ಹೋಗಬೇಕು.

ನಮ್ಮ ಜಿಲ್ಲೆಯವರು ತಿಳಿದಿರಲೇಬೇಕಾದ ಒಂದು ಸಂಗತಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಿಸಿದ ಈ ಜ್ವರಕ್ಕೆ ಜಗತ್ತೇ ಕ್ಯಾಸನೂರಿನ ಹೆಸರಿಟ್ಟಿದೆ. ಹರಡುವುದು ಉಣುಗಿನಿಂದ, ಜೋರು ಚಳಿಗಾಲದಿಂದ ಬೇಸಿಗೆಯ ತನಕ, ಅಂದರೆ ಜನ ಕಾಡಿಗೆ ಹೋಗಲು ಬಯಸುವ ತಿಂಗಳುಗಳಲ್ಲೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಎಷ್ಟು ಮನೆಗಳನ್ನು ಕಂಗೆಡಿಸಿತೆಂದು ಮಲೆನಾಡು ಮರೆತಿಲ್ಲ. ವಿಸ್ಕಾನ್ಸಿನ್, ಮಿನ್ನೆಸೋಟಗಳಲ್ಲೂ ಉಣುಗಿನಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ಅಲ್ಲಿ ಸಂಜೆ ಕ್ಯಾಬಿನ್‌ಗೆ ಮರಳಿದ ತಂದೆತಾಯಿ ಮಕ್ಕಳ ಕುತ್ತಿಗೆ, ಕಂಕುಳು, ಮೊಣಕಾಲ ಸಂದು ನೋಡಿಯೇ ಮಲಗಿಸುತ್ತಾರೆ. ಹೆದರಿ ಮನೆಯೊಳಗೆ ಕೂರುವುದನ್ನು ಅವರು ಆರಿಸಿಕೊಂಡಿಲ್ಲ, ಎಚ್ಚರವನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ನಮ್ಮ ಕೋಣೆಗಳಲ್ಲೂ ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯ ಬಾಟಲಿ, ಉಣುಗು ನೋಡಿಕೊಳ್ಳುವ ವಿಧಾನ, ಸತ್ತ ಮಂಗ ಕಂಡರೆ ಯಾರಿಗೆ ತಿಳಿಸಬೇಕೆಂಬ ಫೋನ್ ನಂಬರು ಬಾಗಿಲ ಹಿಂದೆ ಇರಲಿ. ಸೋಂಕು ಕಂಡ ವರ್ಷ ಆ ಭಾಗದ ಕೋಣೆಗಳನ್ನು ಮುಚ್ಚುವ ಅಧಿಕಾರವೂ ಆರೋಗ್ಯ ಇಲಾಖೆಗೆ ಇರಲಿ.

ಇಷ್ಟೆಲ್ಲ ಷರತ್ತು ಹಾಕಿದರೆ ಯಾರು ಬರುತ್ತಾರೆ ಎನ್ನುವವರಿದ್ದಾರೆ. ಷರತ್ತುಗಳಿಗಾಗಿಯೇ ಬರುವವರು ಬಹಳ. ಗದ್ದಲವಿಲ್ಲದ, ಕಸವಿಲ್ಲದ, ಮಕ್ಕಳನ್ನು ಬಿಟ್ಟು ನಿಶ್ಚಿಂತೆಯಿಂದ ಕೂರಬಹುದಾದ ಜಾಗಕ್ಕಾಗಿ ಕುಟುಂಬಗಳು ಹಂಬಲಿಸುತ್ತಿವೆ. ಸರಳತೆ ಇಲ್ಲಿ ಬಡತನದ ಹೆಸರಲ್ಲ. ಇಡೀ ವ್ಯವಸ್ಥೆಯನ್ನು ನಿಲ್ಲಿಸುವ ಕಂಬವೇ ಅದು. ಎ.ಸಿ. ಇಲ್ಲದ ಕೋಣೆಗೆ ಜನರೇಟರ್ ಬೇಡ. ಈಜುಕೊಳ ಇಲ್ಲದಿದ್ದರೆ ಬೋರ್‌ವೆಲ್ ಕೊರೆಯುವುದು ಬೇಡ. ಬಫೆ ಊಟ ಇಲ್ಲದಿದ್ದರೆ ರಾಶಿ ಎಂಜಲು ಬೀಳುವುದಿಲ್ಲ; ಊರಿನ ಮಹಿಳಾ ಸ್ವಸಹಾಯ ಸಂಘದವರು ಮಾಡಿದ ಅಕ್ಕಿರೊಟ್ಟಿ, ಎಣ್ಣೆಗಾಯಿ, ಅನ್ನ ಸಾರು ಸಾಕು. ಬೆಲೆ ಇಳಿಯುವುದೂ ಕಾಡು ಉಳಿಯುವುದೂ ಒಂದೇ ಕಾರಣದಿಂದ. ವೈಭವ ಹೆಚ್ಚಿದಷ್ಟೂ ಬಡವರೂ ಹೊರಗೆ, ಹಕ್ಕಿಯೂ ಹೊರಗೆ.

ಒಂದು ರಾತ್ರಿಯಿಂದ ಏನಾದೀತು ಎಂದೂ ಅನ್ನಿಸಬಹುದು. ಹತ್ತು ವರ್ಷದ ಮಗುವಿನ ಕಣ್ಣಿನಿಂದ ನೋಡೋಣ. ಫೋನಿಗೆ ಸಿಗ್ನಲ್ ಸರಿಯಾಗಿ ಸಿಗದ ಒಂದು ಸಂಜೆ ಅಪ್ಪ ತನ್ನ ಬಾಲ್ಯದ ಕಥೆ ಹೇಳುತ್ತಾನೆ. ಅಮ್ಮ ಒಬ್ಬಳೇ ಅಡುಗೆಮನೆಯಲ್ಲಿ ನಿಲ್ಲಬೇಕಾಗಿಲ್ಲ. ಅಜ್ಜಿಗೆ ಕತ್ತಲಲ್ಲಿ ಕೂಗುವ ಹಕ್ಕಿಯ ಹೆಸರು ಗೊತ್ತಿದೆ ಎಂಬುದು ಅವತ್ತು ಮೊದಲ ಸಲ ತಿಳಿಯುತ್ತದೆ. ಬೆಳಿಗ್ಗೆ ತಾನೇ ಹಾಸಿಗೆ ಮಡಚಿ, ಕೋಣೆ ಗುಡಿಸಿ, ಕಸದ ಚೀಲ ಹೊತ್ತು ತರುವಾಗ ಈ ಜಾಗ ನನ್ನದೂ ಹೌದು ಎಂಬ ಭಾವ ಬರುತ್ತದೆ. ಹಾಗೆ ಬೆಳೆದ ಮಗು ದೊಡ್ಡದಾದ ಮೇಲೆ ಭದ್ರೆಗೆ ಚರಂಡಿ ನೀರು ಬಿಡುವುದನ್ನು, ತುಂಗೆಯ ಮರಳು ಬಗೆಯುವುದನ್ನು ಕಂಡೂ ಸುಮ್ಮನಿರಲಾರದು. ಹೊಳೆಯನ್ನು ಉಳಿಸಿ ಎಂದು ಗೋಡೆಯ ಮೇಲೆ ಬರೆಯುವ ನೂರು ಘೋಷಣೆಗಳಿಗಿಂತ ಹೊಳೆಯ ಪಕ್ಕ ಮಲಗಿ ಎದ್ದ ಒಂದು ರಾತ್ರಿ ಹೆಚ್ಚು ಕಲಿಸುತ್ತದೆ ಎಂದು ನಾನು ನಂಬಿದ್ದೇನೆ.

ಶುರು ಮಾಡುವುದು ದೊಡ್ಡದಾಗಬೇಕಿಲ್ಲ. ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಹತ್ತು ಕೋಣೆ ಸಾಕು. ದುರಸ್ತಿಯ ಕೆಲಸ ಭದ್ರಾವತಿಯ ಕೈಗಳಿಗೆ ಸಿಗಲಿ, ನಡೆಸುವ ಹೊಣೆ ಸುತ್ತಲಿನ ಊರಿನವರಿಗೆ, ಮುಳುಗಡೆಯಿಂದ ಎದ್ದು ಬಂದವರ ಮಕ್ಕಳಿಗೆ ಸಿಗಲಿ. ಜಲಸಂಪನ್ಮೂಲ, ಅರಣ್ಯ, ಪ್ರವಾಸೋದ್ಯಮ ಇಲಾಖೆಗಳು ಕೂತು ಒಂದು ಬೇಸಿಗೆಯ ಮಟ್ಟಿಗೆ ಪ್ರಯೋಗ ಮಾಡಿ ನೋಡಲಿ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಕಾರ್ಯಕ್ರಮ ಈಗಾಗಲೇ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಆ ಮಕ್ಕಳಿಗೆ ಹಿನ್ನೀರ ದಂಡೆಯಲ್ಲಿ ಒಂದು ರಾತ್ರಿಯೂ ಸಿಗಲಿ. ಶನಿವಾರ ಭಾನುವಾರ ಕುಟುಂಬಗಳಿಗೆ, ಉಳಿದ ದಿನ ಶಾಲೆಗಳಿಗೆ. ಕೋಣೆಯ ಬಾಡಿಗೆ ನಿಗದಿ ಮಾಡುವ ದಿನ ಅಧಿಕಾರಿಗಳು ಮುಂದೆ ಇಟ್ಟುಕೊಳ್ಳಬೇಕಾದ ಅಳತೆ ಒಂದೇ: ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನೊಬ್ಬ ಸಾಲ ಮಾಡದೆ, ಯಾರ ಶಿಫಾರಸೂ ಇಲ್ಲದೆ, ವರ್ಷಕ್ಕೊಮ್ಮೆ ತನ್ನ ಮನೆಯವರನ್ನು ಇಲ್ಲಿಗೆ ಕರೆತರಲು ಆಗಬೇಕು.